ರೋಮಿನದಲ್ಲದ ಬೋಕಿ, ಕುಂಬಳೆಯ ಕಪ್ಪಕ್ಕಿ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ವಿದ್ಯಾರ್ಥಿನಿ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪರಿಸರದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುತ್ತ ಬೆಳೆದವಳು. ಹೈಸ್ಕೂಲಿನಲ್ಲಿ ನಾನು ಅವಳಿಗೆ ಚರಿತ್ರೆ ಕಲಿಸಿದ್ದೆ. ಮುಂದೆ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಪುರಾತತ್ತ್ವ ಎಂ.ಎ.ಗೆ ಸೇರಿದಳು. ಕೊನೆಯ ವರ್ಷದ ಪ್ರಬಂಧಕ್ಕೆ ಪ್ರಾಚೀನ ಕಡಲ ವ್ಯಾಪಾರವನ್ನು ಆರಿಸಿಕೊಂಡು ನನ್ನ ಬಳಿ ಬಂದಾಗ ಅವಳ ಕೈಯಲ್ಲಿ ಎರಡು ವಸ್ತುಗಳಿದ್ದವು. ಒಂದು ಪ್ರಾಚೀನ ಗ್ರೀಕ್ ನೌಕಾ ಕೈಪಿಡಿಯಾದ ಪೆರಿಪ್ಲಸ್‌ನ ಪುಟಗಳ ಪ್ರತಿ, ಇನ್ನೊಂದು ಅವಳ ಸೋದರಮಾವ ಬಹುಕಾಲದಿಂದ ಕಾಪಾಡಿಕೊಂಡು ಬಂದ ಬೋಕಿಗಳ, ಅಂದರೆ ಒಡೆದ ಮಡಕೆ ಚೂರುಗಳ, ಪೆಟ್ಟಿಗೆ. ಗ್ರೀಕ್ ನಾವಿಕರು ನೌರಾ ಎಂದು ಕರೆದ ಬಂದರು ಕುಂಬಳೆಯೇ ಎಂಬುದು ಅವಳ ಪ್ರತಿಪಾದನೆ. ಪೆಟ್ಟಿಗೆಯೊಳಗಿನ ದಪ್ಪ ಚೂರೊಂದು ರೋಮನ್ನರ ಆಂಫೊರಾ ಜಾಡಿಯದು ಎಂಬ ನಂಬಿಕೆಯೇ ಅದಕ್ಕೆ ಆಧಾರ.

ಆ ಪ್ರಬಂಧ ಕೊನೆಗೆ ಬೇರೆಯೇ ಪ್ರಶ್ನೆಯನ್ನು ಕೇಳಿತು. ನನ್ನ ಮಟ್ಟಿಗೆ ಅದು ಮೊದಲಿನದಕ್ಕಿಂತ ದೊಡ್ಡ ಪ್ರಶ್ನೆ. ಕರಾವಳಿಯ ಚರಿತ್ರೆಯಲ್ಲಿ ಕೆಲಸ ಮಾಡಬೇಕೆಂದಿರುವ ನಮ್ಮ ಮಕ್ಕಳಿಗೆ ಉಪಯೋಗವಾದೀತು ಎಂದು ಆ ಬದಲಾವಣೆ ಹೇಗಾಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ರಂಥಗಳು ಕೊಡುವುದು, ಕೊಡದಿರುವುದು

ಪೆರಿಪ್ಲಸ್ ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ಕೈಪಿಡಿ. ಈಜಿಪ್ಟಿನಿಂದ ಕೆಂಪು ಸಮುದ್ರ ದಾಟಿ ಭಾರತಕ್ಕೆ ಬರುವ ವರ್ತಕನಿಗಾಗಿ ಬರೆದದ್ದು. ಕೊಂಕಣದ ಬಂದರುಗಳನ್ನೂ ಕೆಲವು ದ್ವೀಪಗಳನ್ನೂ ಹೆಸರಿಸಿದ ಮೇಲೆ ಅದು ಲಿಮುರಿಕೆ ಎಂಬ ಸೀಮೆಗೆ, ಹೆಚ್ಚುಕಡಿಮೆ ಮಲಬಾರ್ ಕರಾವಳಿಗೆ, ಬರುತ್ತದೆ. ಅದರ ಮೊದಲ ಬಂದರುಗಳು ನೌರಾ ಮತ್ತು ತಿಂಡಿಸ್. ಅವುಗಳ ನಂತರ ಮುಜಿರಿಸ್, ನೆಲ್ಕಿಂಡ. ನೌರಾ ಯಾವುದು ಎಂಬುದಕ್ಕೆ ವಿದ್ವಾಂಸರು ಹೊನ್ನಾವರ, ಮಂಗಳೂರು, ಕಣ್ಣೂರು ಎಂದು ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ, ಮುಜಿರಿಸ್ ಹತ್ತಿರ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಎಚ್ಚರಿಸುತ್ತಾನೆ. ಅದನ್ನು ನೇತ್ರಾವತಿಗೆ ಜೋಡಿಸಿದವರೂ ಉಂಟು. ಈ ಊಹೆಗಳ ನಡುವೆ ಕುಂಬಳೆಗೂ ಒಂದು ಜಾಗ ಇರಬಹುದಲ್ಲ ಎಂದು ನಮ್ಮ ಹುಡುಗಿಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ.

ಅವಳ ಉತ್ಸಾಹಕ್ಕೆ ಇನ್ನೊಂದು ಕಾರಣ ಆಕ್ಸಿರಿಂಕಸ್‌ನ ಪಪೈರಸ್. ಈಜಿಪ್ಟಿನ ಕಸದ ದಿಬ್ಬಗಳಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಆ ಗ್ರೀಕ್ ಪ್ರಹಸನದ ಕಥೆ ಭಾರತದ ಕಡಲ ತೀರದಲ್ಲಿ ನಡೆಯುತ್ತದೆ. ಅದರಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಅವು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ಸೂಚಿಸಿದರು. ಶಾಮಾಶಾಸ್ತ್ರಿಗಳೂ ಕನ್ನಡವೆಂದೇ ಓದಿದರು. ಬಾರ್ನೆಟ್ 1926ರಲ್ಲಿ ಅದನ್ನು ಒಪ್ಪಲಿಲ್ಲ. ಗೋವಿಂದ ಪೈಗಳು ಬಾಳಿದ ಮಂಜೇಶ್ವರದ ಪಕ್ಕದಲ್ಲೇ ಹುಟ್ಟಿದವಳಿಗೆ ಇಂಥ ಚರ್ಚೆ ಮನಸ್ಸಿಗೆ ಹತ್ತುವುದು ಸಹಜ. ಆದರೆ ವಿದ್ವಾಂಸರಲ್ಲೇ ತೀರ್ಮಾನವಾಗದ ಓದನ್ನು ಊರಿನ ಹಕ್ಕುಪತ್ರದಂತೆ ಹಿಡಿದುಕೊಳ್ಳಲು ಬರುವುದಿಲ್ಲ. ಅವಳು ಅದನ್ನು ಪೀಠಿಕೆಯ ಒಂದು ಪ್ಯಾರಾದಲ್ಲಿ ಹೇಳಿ ಮುಗಿಸಿದಳು.

ಉತ್ಖನನದ ದಾರಿ ಅವಳಿಗೆ ಮುಚ್ಚಿತ್ತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿಯಿಲ್ಲದೆ ಯಾರೂ ಪುರಾತತ್ತ್ವದ ಅಗೆತ ಮಾಡುವಂತಿಲ್ಲ. ಎಂ.ಎ. ವಿದ್ಯಾರ್ಥಿಗೆ ಅದು ಸಿಗುವ ಮಾತೂ ಅಲ್ಲ. ಜಾಗದ ಮಾಲೀಕರ ಅನುಮತಿ ಪಡೆದು ನೆಲದ ಮೇಲೆ ಕಾಣುವುದನ್ನು ಗುರುತಿಸುವುದು, ನಕ್ಷೆ ಬರೆಯುವುದು, ಹಳಬರನ್ನು ಮಾತನಾಡಿಸುವುದು, ದಾಖಲೆ ಓದುವುದು ಇಷ್ಟೇ ಉಳಿದದ್ದು. ಹಾಗಾಗಿ ಎಲ್ಲ ಭಾರವೂ ಆ ಪೆಟ್ಟಿಗೆಯ ಮೇಲೆ ಬಿತ್ತು.

ಪೆಟ್ಟಿಗೆ

ಚೂರು ಅಂಗೈಯಗಲ, ಒಂದು ಬೆರಳು ದಪ್ಪ. ಹೊರಮೈ ಕೆಂಪು ಮಿಶ್ರಿತ ಕಂದು, ಹೊಳಪಿನ ಲೇಪವಿಲ್ಲ, ಚಕ್ರದ ಗೀರುಗಳು ಏಣಿನಂತೆ ಎದ್ದಿದ್ದವು. ಒಳಮೈಗೆ ಕಪ್ಪನೆಯ ಗಟ್ಟಿ ಪದರ ಅಂಟಿತ್ತು. ಹಿನ್ನೀರಿನ ಬದಿಯ ತೆಂಗಿನ ತೋಟದಲ್ಲಿ ಬಾವಿ ತೋಡುವಾಗ ಸಿಕ್ಕಿದ್ದೆಂದು ಮಾವನ ನೆನಪು. ಎಷ್ಟು ಆಳದಲ್ಲಿ, ಯಾವ ಮಣ್ಣಿನಲ್ಲಿ, ಜೊತೆಗೆ ಏನಿತ್ತು ಎಂಬುದನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ.

ಒಳಗಿನ ಕಪ್ಪು ಪದರವೇ ಆಸೆ ಹುಟ್ಟಿಸಿದ್ದು. ಭಾರತದ ಹಲವು ನೆಲೆಗಳಲ್ಲಿ ರೋಮನ್ ಆಂಫೊರಾ ಎಂದು ಹಿಂದೆ ವರದಿಯಾದ ಎಷ್ಟೋ ಚೂರುಗಳು ವಾಸ್ತವವಾಗಿ ಮೆಸೊಪೊಟೇಮಿಯ ಕಡೆಯಿಂದ ಬಂದ ಟಾರ್ಪೆಡೊ ಜಾಡಿಗಳವು ಎಂದು ಪುರಾತತ್ತ್ವಜ್ಞೆ ರೊಬೆರ್ಟಾ ಟಾಂಬರ್ 2007ರಲ್ಲಿ ತೋರಿಸಿಕೊಟ್ಟಿದ್ದರು. ಆ ಜಾಡಿಗಳಿಗೆ ಕುತ್ತಿಗೆಯಿಲ್ಲ, ತಳ ಚೂಪು, ದ್ರವ ಸೋರದಂತೆ ಒಳಗೆಲ್ಲ ಡಾಂಬರು ಬಳಿದಿರುತ್ತದೆ. ಇರಾನಿನ ಸಸಾನಿಯ ಅರಸರ ಕಾಲದಲ್ಲಿ ಮತ್ತು ಇಸ್ಲಾಮಿನ ಆರಂಭದ ಶತಮಾನಗಳಲ್ಲಿ ಅವು ಪರ್ಶಿಯನ್ ಕೊಲ್ಲಿಯಿಂದ ಇತ್ತ ಬರುತ್ತಿದ್ದವು. ನಮ್ಮ ಚೂರು ರೋಮಿನದಲ್ಲದಿದ್ದರೂ ಕೊಲ್ಲಿಯದಾದರೂ ಆಗಿರಬಹುದಲ್ಲ ಎಂದು ಅವಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು.

ಪರೀಕ್ಷೆ ಮೂರು ಕಡೆಯಿಂದ ನಡೆಯಿತು. ಮೊದಲನೆಯದು ಮಣ್ಣು. ಚೂರಿನ ಮೂಲೆಯನ್ನು ತುಸು ಮುರಿದು ಹೊಸ ಮುರಿತವನ್ನು ಮಸೂರದಲ್ಲಿ ನೋಡಬೇಕು. ಇಟಲಿಯ ಕ್ಯಾಂಪೇನಿಯದ ಆಂಫೊರಾದಲ್ಲಾದರೆ ಜ್ವಾಲಾಮುಖಿಯ ಕಪ್ಪು ಮರಳಿನ ಕಣಗಳು ಎದ್ದು ಕಾಣುತ್ತವೆ. ಇಲ್ಲಿ ಕಂಡದ್ದು ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಹರಳುಗಳು. ಕಾಸರಗೋಡಿನ ಯಾವ ಗುಡ್ಡದ ಬುಡದಲ್ಲಿ ಜೇಡಿ ತೆಗೆದರೂ ಸಿಗುವ ಹರಳುಗಳು ಅವು. ಹಾಗಾದರೆ ಮಡಕೆ ಹುಟ್ಟಿದ್ದು ನಮ್ಮ ಸೀಮೆಯಲ್ಲೇ ಎಂದಾಯಿತು.

ಎರಡನೆಯದು ಆ ಪದರ. ಅವಳ ವಿಭಾಗದಲ್ಲಿ ಒಂದು ಸಣ್ಣ ಹೊಪ್ಪಳಿಕೆಗೆ ಕಾದ ಸೂಜಿ ತಾಗಿಸಿ ನೋಡಿದರು. ಡಾಂಬರಾದರೆ ಮೆತ್ತಗಾಗಬೇಕು. ಅದು ಮೆತ್ತಗಾಗದೆ ಕರಟಿತು. ಪೂರ್ಣ ರಾಸಾಯನಿಕ ವಿಶ್ಲೇಷಣೆಗೆ ಹಣವಿರಲಿಲ್ಲ. ಉತ್ತರ ಸಿಕ್ಕಿದ್ದು ಕಡಲ ಬದಿಯಲ್ಲಿ. ಮೊಗವೀರ ಪಟ್ಟಣದ (ಮೀನುಗಾರರ ಕೇರಿಯ) ಹಿರಿಯರೊಬ್ಬರ ಕೈಗೆ ಚೂರನ್ನು ಕೊಟ್ಟಾಗ ಅವರು ಒಳಮೈಯನ್ನು ಹೆಬ್ಬೆರಳಿನಿಂದ ಉಜ್ಜಿ, ‘ಇದು ದೋಣಿಗೆ ಹಚ್ಚುವ ಗೇರೆಣ್ಣೆಯ ಮಡಕೆ ಮಗಳೇ, ನಮ್ಮ ಅಜ್ಜನ ಕಾಲದಲ್ಲಿ ಇಂಥದು ಮನೆಮನೆಯಲ್ಲೂ ಇತ್ತು’ ಎಂದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಮರವನ್ನು ಹುಳದಿಂದಲೂ ಉಪ್ಪುನೀರಿನಿಂದಲೂ ಕಾಯುತ್ತದೆ. ಒಣಗಿ ಗಟ್ಟಿಯಾದ ಮೇಲೆ ಕಾಯಿಸಿದರೂ ಕರಗುವುದಿಲ್ಲ. ಗೇರು ಮರ ಪೋರ್ಚುಗೀಸರೊಂದಿಗೆ ಹದಿನಾರನೆಯ ಶತಮಾನದಲ್ಲಿ ಬ್ರೆಜಿಲಿನಿಂದ ಬಂದದ್ದು. ಹಿರಿಯರ ಮಾತು ಸರಿಯಾದರೆ ಈ ಮಡಕೆ ಅದಕ್ಕಿಂತ ಹಳೆಯದಾಗಲಾರದು.

ಮೂರನೆಯದು ಪೆಟ್ಟಿಗೆಯ ಉಳಿದ ಚೂರುಗಳು. ಅವುಗಳಲ್ಲಿ ಮಂಗಳೂರು ಹಂಚಿನ ತುಂಡುಗಳಿದ್ದವು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಒಂದೇ ಗುಂಡಿಯಿಂದ ಬಂದವೆಂದು ಹೇಳುವ ಪೆಟ್ಟಿಗೆಯಲ್ಲಿ ಹಂಚು ಇದ್ದ ಮೇಲೆ, ಪಕ್ಕದ ಬೋಕಿಯನ್ನು ಸಾವಿರದ ಒಂಬೈನೂರು ವರ್ಷ ಹಿಂದಕ್ಕೆ ಒಯ್ಯಲು ಬೇರೆ ಬಲವಾದ ಸಾಕ್ಷಿ ಬೇಕು. ಅದು ಇರಲಿಲ್ಲ.

ಮಾವನಿಗೆ ಹೇಳಬೇಕಾದ ಮಾತು

ಇಷ್ಟರಲ್ಲಿ ಸುದ್ದಿ ಹೊರಗೆ ಹೋಗಿತ್ತು. ಕುಂಬಳೆಯಲ್ಲಿ ರೋಮನ್ ಜಾಡಿ ಪತ್ತೆ ಎಂದು ಒಂದು ಸ್ಥಳೀಯ ಪತ್ರಿಕೆ ಬರೆಯಿತು. ಊರಿನ ಯುವಕ ಮಂಡಲ ಫಲಕ ಹಾಕುವ ಮಾತನಾಡಿತು. ಮಾವನ ಮನೆಗೆ ನೋಡಲು ಬರುವವರ ಸಾಲು ಶುರುವಾಯಿತು. ಗಡಿಯಾಚೆ ಉಳಿದ ಕನ್ನಡಿಗರಿಗೆ, ನಮ್ಮ ನೆಲಕ್ಕೂ ಎರಡು ಸಾವಿರ ವರ್ಷದ ಚರಿತ್ರೆ ಇದೆ ಎಂದು ಯಾರಾದರೂ ಹೇಳಿದರೆ ಆಗುವ ಸಂತೋಷ ಎಂಥದ್ದು ಎಂದು ಬಲ್ಲೆ. ಆ ಸಂತೋಷವನ್ನು ಕಡೆಗಣಿಸಿ ಮಾತನಾಡುವವರು ನನಗೆ ಸೇರುವುದಿಲ್ಲ.

‘ಟೀಚರ್, ಪ್ರಬಂಧದಲ್ಲಿ ನಿಜ ಬರೆಯುತ್ತೇನೆ. ಮಾವನಿಗೆ ಮಾತ್ರ ಹೇಳುವುದು ಹೇಗೆ?’ ಎಂದು ಅವಳು ಕೇಳಿದಳು. ಫಲಿತಾಂಶ ಮೊದಲು ಮನೆಗೆ, ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗಲಿ ಎಂದೆ. ಪೆಟ್ಟಿಗೆಯನ್ನು ಇಷ್ಟು ಕಾಲ ಕಾಪಾಡಿದ ಮನುಷ್ಯ ಪತ್ರಿಕೆಯಲ್ಲಿ ಓದಿ ತಿಳಿಯುವಂತಾಗಬಾರದು. ಅವಳು ಮಸೂರವನ್ನೂ ಚೂರನ್ನೂ ಎದುರಿಗಿಟ್ಟು ಮುರಕಲ್ಲಿನ ಹರಳು ತೋರಿಸಿದಳು. ಮಾವ ಬಹಳ ಹೊತ್ತು ನೋಡಿದರು. ‘ಹಾಗಾದರೆ ಇದು ದೋಣಿ ಇಟ್ಟವರ ಮನೆಯ ಮಡಕೆ. ನಮ್ಮ ತೋಟದಲ್ಲಿ ದೋಣಿ ಇಟ್ಟವರು ಯಾರಿದ್ದರು?’ ಎಂದು ಕೇಳಿದರು. ಈಗ ಆ ತೋಟದಿಂದ ನೀರು ದೂರವಿದೆ. ಪ್ರಬಂಧದ ದಿಕ್ಕು ತಿರುಗಿದ್ದು ಈ ಪ್ರಶ್ನೆಯಿಂದ ಎಂದರೆ ತಪ್ಪಾಗದು.

ಅಳಿವೆ

ನಮ್ಮ ಹೊಳೆಗಳ ಅಳಿವೆಗಳು ಒಂದೇ ಕಡೆ ನಿಲ್ಲುವುದಿಲ್ಲ. ಕಡಲು ಮರಳನ್ನು ಅಡ್ಡ ಹಾಸುತ್ತದೆ, ಮಳೆಗಾಲದ ನೆರೆ ಅದನ್ನು ಬೇರೆಲ್ಲೋ ಒಡೆಯುತ್ತದೆ. ಕುಂಬಳೆ ಮತ್ತು ಶಿರಿಯ ಹೊಳೆಗಳ ಕೆಳಭಾಗದ ಹಿನ್ನೀರಿಗೂ ಕಡಲಿಗೂ ನಡುವೆ ಇರುವುದು ಮರಳಿನ ದಿಬ್ಬ. ಕಡಲು ಕೆರಳಿದಾಗ ದೋಣಿಗೆ ಒಳಗೆ ಆಶ್ರಯ, ಶಾಂತವಾದಾಗ ಹೊರಗೆ ದಾರಿ. ಆಳ ಸಾಲದ ಈ ನೀರಿಗೆ ದೊಡ್ಡ ಹಡಗು ಬರುವುದಿಲ್ಲ, ಸಣ್ಣ ಹಾಯಿದೋಣಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಳೆಯ ನಕ್ಷೆಗಳನ್ನು ಈಗಿನ ಉಪಗ್ರಹ ಚಿತ್ರದ ಜೊತೆ ಹೊಂದಿಸಿ, ಗದ್ದೆಯಾದ ಹಳೆಯ ಹೊಳೆಪಾತ್ರಗಳನ್ನು ಹಳಬರಿಂದ ಕೇಳಿ, ನೀರು ಎಲ್ಲಿಯವರೆಗೆ ಇತ್ತೆಂದು ಅವಳು ಗುರುತು ಹಾಕಿದಳು. ಮಾವನ ತೋಟ ಹಳೆಯ ದಡದ ಮೇಲೆಯೇ ಬಂತು.

ಆಗ ಅವಳು ಹಳೆಯ ಪ್ರವಾಸಿಗಳ ಬಂದರು ಪಟ್ಟಿಗಳನ್ನು ಮತ್ತೆ ಓದಿದಳು. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಗುಂಟ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಬಾರಕೂರನ್ನು ಫಾಕನೂರ್ ಎಂದೂ ಮಂಗಳೂರನ್ನು ಮಂಜರೂರ್ ಎಂದೂ ಹೆಸರಿಸುತ್ತಾನೆ. ಆಮೇಲೆ ಹೇಳುವುದು ಹೀಲಿಯನ್ನು, ಅಂದರೆ ಏಳಿಮಲೆಯ ಬಂದರನ್ನು. ನಡುವಿನ ಸುಮಾರು ನೂರು ಕಿಲೋಮೀಟರ್ ಕರಾವಳಿ, ಎಂದರೆ ಹೆಚ್ಚುಕಡಿಮೆ ಇಡೀ ಕಾಸರಗೋಡು ಜಿಲ್ಲೆ, ಮೌನ. ದೊಡ್ಡ ಹಡಗಿನಲ್ಲಿ ಬಂದವನು ದೊಡ್ಡ ಹಡಗು ನಿಲ್ಲುವ ಜಾಗವನ್ನಷ್ಟೇ ಬರೆಯುತ್ತಾನೆ. ಹೆಸರಿಲ್ಲದ್ದನ್ನು ಕಂಡು ಅಲ್ಲಿ ವ್ಯಾಪಾರವೇ ಇರಲಿಲ್ಲ ಎನ್ನುವುದು ಎಷ್ಟು ತಪ್ಪೋ, ಎಲ್ಲಿಂದಲೋ ಒಂದು ಗ್ರೀಕ್ ಹೆಸರು ತಂದು ಅಂಟಿಸುವುದೂ ಅಷ್ಟೇ ತಪ್ಪು.

ಈ ಮೌನಕ್ಕೆ ನಮ್ಮ ಕಾಲದ್ದೂ ಒಂದು ಪಾಲು ಸೇರಿದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಕರ್ನಾಟಕದ ಬಂದರುಗಳ ಬಗ್ಗೆ ಬರೆಯುವವರು ಗಡಿಯ ತಲಪಾಡಿಯಲ್ಲಿ ನಿಲ್ಲುತ್ತಾರೆ. ಕೇರಳದಲ್ಲಿ ಎಲ್ಲರ ಕಣ್ಣು, ಮುಜಿರಿಸ್ ಇದೇ ಎಂದು ಹಲವರು ಹೇಳುವ, ಪೆರಿಯಾರ್ ಬದಿಯ ಪಟ್ಟಣಂ ಮೇಲೆ. 2007ರಿಂದ ನಡೆದ ಅಲ್ಲಿನ ಉತ್ಖನನದಲ್ಲಿ ಆಂಫೊರಾ ಚೂರುಗಳೂ ಮರದ ದೋಣಿಯೂ ಸಿಕ್ಕಿವೆ, ಆ ಗಮನ ನ್ಯಾಯವೇ. ಆದರೆ ನಡುವೆ ಬಿದ್ದ ನಾವು ಯಾರ ಪುಸ್ತಕದಲ್ಲೂ ಪೂರ್ತಿ ಬರುವುದಿಲ್ಲ. ಹಳೆಯ ದಾಖಲೆ ಬೇಕೆಂದರೆ ವಿದ್ಯಾರ್ಥಿ ಎರಡು ರಾಜ್ಯಗಳಲ್ಲಷ್ಟೇ ಅಲ್ಲ, ಮದ್ರಾಸ್ ಪ್ರಾಂತದ ಕಡತಗಳಿಗಾಗಿ ಚೆನ್ನೈಯಲ್ಲೂ ಹುಡುಕಬೇಕು.

ಅಕ್ಕಿಯೂ ನಾರೂ

ಕುಂಬಳೆಯ ಹೆಸರು ಸ್ಪಷ್ಟವಾಗಿ ಸಿಗುವುದು ಪೋರ್ಚುಗೀಸ್ ಅಧಿಕಾರಿ ದುಆರ್ತೆ ಬಾರ್ಬೊಸಾ ಹದಿನಾರನೆಯ ಶತಮಾನದ ಆರಂಭದಲ್ಲಿ ಬರೆದ ವಿವರಣೆಯಲ್ಲಿ. ವಿಜಯನಗರದ ಅರಸನಿಗೆ ಸೇರಿದ ಈ ಊರಿನಲ್ಲಿ ಕಪ್ಪಾದ, ಕೀಳು ದರ್ಜೆಯ ಅಕ್ಕಿ ಹೇರಳವಾಗಿ ಬೆಳೆಯುತ್ತದೆ ಎಂದು ಅವನು ಹೇಳುತ್ತಾನೆ. ಅಗ್ಗವಾದ್ದರಿಂದ ಮಲಬಾರಿನವರು ಬಡವರಿಗಾಗಿ ಅದನ್ನು ಕೊಳ್ಳುತ್ತಿದ್ದರು. ಮಾಲ್ಡೀವ್ಸ್ ದ್ವೀಪಗಳಿಗೂ ಅದು ಹೋಗುತ್ತಿತ್ತು. ಅಲ್ಲಿನವರು ಬದಲಿಗೆ ತೆಂಗಿನ ನಾರಿನ ಹಗ್ಗ ಕೊಡುತ್ತಿದ್ದರು.

ಮೆಣಸಲ್ಲ, ಮುತ್ತಲ್ಲ, ರೇಷ್ಮೆಯಲ್ಲ, ಕೀಳು ಅಕ್ಕಿ. ಮೊದಲು ಓದಿದಾಗ ಅವಳ ಮುಖ ಸಣ್ಣದಾಯಿತು. ನಾನು ಆ ನಾರಿನ ಹಿಂದೆ ಹೋಗು ಎಂದೆ. ಹಿಂದೂ ಮಹಾಸಾಗರದ ಬಹುಪಾಲು ಹಡಗುಗಳ ಹಲಗೆಗಳನ್ನು ಆಗ ಮೊಳೆ ಹೊಡೆದು ಕೂಡಿಸುತ್ತಿರಲಿಲ್ಲ, ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಹೊರ್ಮುಜ್‌ನ ಅಂಥ ಹಡಗುಗಳನ್ನು ಮಾರ್ಕೊ ಪೋಲೊ ವರ್ಣಿಸಿದ್ದಾನೆ. ಮಾಲ್ಡೀವ್ಸ್‌ನ ಹುರಿ ಭಾರತ, ಚೀನಾ, ಯೆಮೆನ್‌ಗಳಿಗೆ ರಫ್ತಾಗುತ್ತಿತ್ತು ಎಂದು, ಅಲ್ಲಿ ನ್ಯಾಯಾಧೀಶನಾಗಿದ್ದ ಇಬ್ನ್ ಬತೂತನೇ ಬರೆದಿದ್ದಾನೆ. ಮೆಣಸು ಹೊತ್ತ ಹಡಗು ತೇಲಲು ಹುರಿ ಬೇಕು, ಹುರಿ ಹೊಸೆಯುವ ದ್ವೀಪದವನಿಗೆ ಅನ್ನ ಬೇಕು, ಆ ಅನ್ನ ನಮ್ಮ ಗದ್ದೆಯಿಂದ ಹೋಯಿತು. ಇದನ್ನು ಒಂದು ಹಾಳೆಯ ಮೇಲೆ ಬಾಣಗಳ ಗುರುತಿನಲ್ಲಿ ಬರೆದುಕೊಂಡು ಬಂದ ದಿನ ಅವಳು ಮಾತು ನಿಲ್ಲಿಸಲೇ ಇಲ್ಲ. ಪೆರಿಪ್ಲಸ್ ಕೂಡ, ಹಡಗಿನವರ ಊಟಕ್ಕೆ ಸಾಕಾಗುವಷ್ಟು ಧಾನ್ಯವನ್ನು ಮಲಬಾರಿಗೆ ಜೊತೆಯಲ್ಲೇ ಒಯ್ಯಬೇಕು ಎನ್ನುತ್ತದೆ. ಮೊದಲು ಅವಳು ಗಮನಿಸದೆ ದಾಟಿದ್ದ ಆ ಸಾಲನ್ನು ಈಗ ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡಳು.

ಆಮೇಲಿನ ವಾದ ಅವಳದೇ, ಬೇಸಾಯದ ಮನೆಯಲ್ಲಿ ಬೆಳೆದವಳಿಗೆ ಮಾತ್ರ ಹೊಳೆಯುವಂಥದ್ದು. ತುಳುನಾಡಿನ ಗದ್ದೆಗೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮಳೆಗಾಲದ ಏಣೆಲು ಕೊಯ್ಲಿಗೆ ಬರುವುದು ಮುಂಗಾರು ಹಿಂದೆ ಸರಿಯುವಾಗ. ಕಡಲು ತೆರೆಯುವುದೂ ಆಗಲೇ, ಈಶಾನ್ಯದ ಗಾಳಿ ತಿರುಗಿ ದ್ವೀಪಗಳತ್ತ ಹಾಯಿ ಬಿಡಲು ಅನುಕೂಲವಾಗುವುದೂ ಅದರ ಬೆನ್ನಿಗೇ. ಭತ್ತ ಕಣಜ ಸೇರುವ ಹೊತ್ತಿಗೂ ದೋಣಿ ನೀರಿಗಿಳಿಯುವ ಹೊತ್ತಿಗೂ ಇರುವ ಈ ಹೊಂದಾಣಿಕೆಯನ್ನು ಅವಳು ಬಂಬ್ರಾಣ ಬಯಲಿನ ರೈತರ ಜೊತೆಗೂ ಕಡಲಿನವರ ಜೊತೆಗೂ ಕುಳಿತು ತಿಂಗಳು ತಿಂಗಳಾಗಿ ಕೋಷ್ಟಕ ಮಾಡಿದಳು. ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟಗಳು ಅವು.

ಈ ವಿನಿಮಯ ಬಾರ್ಬೊಸಾನ ಕಾಲದ್ದು ಮಾತ್ರವೇ? ಮುಂದಕ್ಕೆ ಬಂದರೆ ಸಾಕ್ಷಿ ಗಟ್ಟಿಯಾಗಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮುಂತಾದ ಅಮಿನ್‌ದಿವಿ ದ್ವೀಪಗಳು ಕಂಪನಿಯ ಕೈಸೇರಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾದವು. 1956ರವರೆಗೂ ಹಾಗೆಯೇ ಇದ್ದವು. ಅಲ್ಲಿನ ತೆಂಗಿನ ನಾರಿಗೆ ಸರ್ಕಾರದ ಏಕಸ್ವಾಮ್ಯವಿತ್ತು, ದ್ವೀಪದವರಿಗೆ ಬದಲಿಗೆ ಸಿಗುತ್ತಿದ್ದದ್ದು ಅಕ್ಕಿ. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ಹಡಗುಗಳು ಲಕ್ಷದ್ವೀಪಕ್ಕೆ ದಿನಸಿ ಒಯ್ಯುತ್ತವೆ.

ಹಿಂದಕ್ಕೆ ಹೋದಷ್ಟೂ ಎಚ್ಚರ ಬೇಕು. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಶಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿ ನೆಲೆಸಿದ್ದ. ಕೈರೋದ ಯಹೂದಿ ಪ್ರಾರ್ಥನಾಮಂದಿರದ ಹಳೆಯ ಕಾಗದಗಳ ಕೋಣೆಯಾದ ಗೆನಿಜಾದಲ್ಲಿ ಉಳಿದ ಅವನ ಪತ್ರಗಳಲ್ಲಿ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇತ್ತಿಂದ ಏಡನ್‌ಗೆ ಹೋಗುತ್ತವೆ. ಅತ್ತಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತವೆ. ಮಂಗಳೂರು ಅಂಥ ಬಂದರಾಗಿದ್ದಾಗ ಪಕ್ಕದ ಸಣ್ಣ ಅಳಿವೆಗಳು ಸುಮ್ಮನಿದ್ದಿರಲಾರವು ಎಂದು ಅವಳು ಬರೆದಳು. ಕೆಳಗೇ, ಇದು ಊಹೆ, ಸಾಕ್ಷಿಯಲ್ಲ ಎಂದೂ ಸೇರಿಸಿದಳು. ರೋಮನ್ ಕಾಲಕ್ಕೆ ಸಂಬಂಧಿಸಿದಂತೆ ಅವಳು ಹೇಳಿದ್ದು ಇನ್ನೂ ಕಡಿಮೆ. ಕಣ್ಣೂರಿನ ಹತ್ತಿರದ ಕೋಟಯಂನಲ್ಲಿ 1847ರಲ್ಲಿ ರೋಮನ್ ಚಿನ್ನದ ನಾಣ್ಯಗಳ ದೊಡ್ಡ ನಿಧಿ ಸಿಕ್ಕಿದೆ. ಆದ್ದರಿಂದ ಉತ್ತರ ಮಲಬಾರಿಗೆ ಆ ಹಣ ತಲುಪಿತ್ತು, ಕುಂಬಳೆಯ ಬಗ್ಗೆ ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದಷ್ಟೇ.

ಪ್ರಕರಣ ಈಗ ನಿಂತಿರುವಲ್ಲಿ

ಮೌಖಿಕ ಪರೀಕ್ಷೆಯಲ್ಲಿ ಕೆಲವರು ಇದು ಪ್ರಾಚೀನ ವ್ಯಾಪಾರದ ಅಧ್ಯಯನವೇ ಅಲ್ಲ, ಮಧ್ಯಕಾಲದ್ದು ಎಂದು ಆಕ್ಷೇಪಿಸಿದರು. ತಿಳಿದ ಕಾಲದಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದು, ನೆಲ ಗಟ್ಟಿಯಿಲ್ಲದ ಕಡೆ ನಿಂತಿದ್ದೇನೆ ಎಂದು ಅವಳು ಉತ್ತರಿಸಿದಳು. ಪ್ರಬಂಧ ಒಪ್ಪಿಗೆಯಾಯಿತು. ಆಕ್ಷೇಪದಲ್ಲಿ ಹುರುಳಿದೆ. ಹಾಗಿದ್ದರೂ ಇಷ್ಟು ಸಣ್ಣ ಅಳಿವೆಗೆ ಬೇರೆ ಪ್ರಾಮಾಣಿಕ ದಾರಿ ನನಗೆ ಕಾಣುವುದಿಲ್ಲ.

ಬೋಕಿ ಪ್ರಬಂಧದಲ್ಲಿ ಉಳಿದಿದೆ. ಚಿತ್ರ, ಅಳತೆ, ಪರೀಕ್ಷೆಯ ವಿವರಗಳ ಜೊತೆ ‘ಸ್ಥಳೀಯ ಮಡಕೆ, ಹದಿನಾರನೆಯ ಶತಮಾನದ ನಂತರದ್ದು, ಪ್ರಾಯಶಃ ದೋಣಿಯೆಣ್ಣೆಯ ಪಾತ್ರೆ’ ಎಂಬ ಒಕ್ಕಣೆ ಇದೆ. ಹಿರಿಯರ ಗುರುತನ್ನು ಅವರ ಅನುಮತಿ ಪಡೆದೇ ದಾಖಲಿಸಿದ್ದಾಳೆ. ಅಧ್ಯಯನದ ಸಾರವನ್ನು ಕನ್ನಡದಲ್ಲಿ ಬರೆದು ಊರಿನ ವಾಚನಾಲಯದಲ್ಲಿ ಓದಿ ಹೇಳಿದಾಗ ಪ್ರಶ್ನೆಗಳು ಬಂದದ್ದು ರೋಮಿನ ಬಗ್ಗೆ ಅಲ್ಲ, ಆ ಕಪ್ಪಕ್ಕಿ ಯಾವ ತಳಿ ಎಂದು. ಅದಕ್ಕೆ ಅವಳ ಬಳಿ ಉತ್ತರವಿಲ್ಲ. ಅಮಿನ್‌ದಿವಿಯ ನಾರಿನ ಲೆಕ್ಕಪತ್ರಗಳಲ್ಲಿ ಅಕ್ಕಿಯ ವಿವರವೂ ಇರಬಹುದೆಂದು ಹಳೆಯ ಜಿಲ್ಲಾ ಕಡತಗಳನ್ನು ನೋಡಲು ಅರ್ಜಿ ಹಾಕಿದ್ದಾಳೆ. ಮಾವ ಈಗ ಬಾವಿ ತೋಡುವವರಿಗೆಲ್ಲ, ಏನಾದರೂ ಸಿಕ್ಕಿದರೆ ಮೇಲೆತ್ತುವ ಮೊದಲು ಆಳ ಅಳೆದು, ಮಣ್ಣಿನ ಬಣ್ಣ ಬರೆದು, ಫೋಟೋ ತೆಗೆದಿಟ್ಟು ತಿಳಿಸಿ ಎಂದು ಹೇಳುತ್ತಿದ್ದಾರೆ.